ಹುಳದ ಹಿಂದೆ ಒಂದು ಊರು

ಹೂವಿನ ಮೇಲೆ ಕೂತ ಜೇನ್ನೊಣದ ಚಿತ್ರವನ್ನು ಯಾರು ನೋಡಿಲ್ಲ? ಗೋಡೆಯ ಕ್ಯಾಲೆಂಡರಿನಲ್ಲಿ, ಶಾಲೆಯ ಪಠ್ಯದಲ್ಲಿ, ಬ್ಯಾಂಕಿನವರು ಕೊಡುವ ಡೈರಿಯಲ್ಲಿ ಅದು ಇದ್ದೇ ಇರುತ್ತದೆ. ಕಾಲಿಗಂಟಿದ ಪರಾಗದ ಉಂಡೆ, ಮೈಮೇಲಿನ ರೋಮ, ರೆಕ್ಕೆಯ ನರ ಎಲ್ಲವೂ ಎಣಿಸುವಷ್ಟು ಸ್ಪಷ್ಟ. ಆದರೆ ಹುಳದ ಹಿಂದೆ ಏನೂ ಇಲ್ಲ. ಹಸಿರು ಬಳಿದ ಗೋಡೆಯಂಥ ಮಸುಕು, ಇಲ್ಲವೇ ಅಮಾವಾಸ್ಯೆಯ ಕತ್ತಲು. ಆ ಜೇನು ತೀರ್ಥಹಳ್ಳಿಯದೋ ಥಾಯ್ಲೆಂಡಿನದೋ ಹೇಳುವಂತಿಲ್ಲ. ಹೂವು ತೋಟದ್ದೋ ಕಾಡಿನದೋ ಹೂಕುಂಡದ್ದೋ ಗೊತ್ತಾಗುವುದಿಲ್ಲ. ಊರು, ಕೇರಿ, ಕಾಲ ಯಾವುದೂ ಇಲ್ಲದ ಅನಾಥ ಹುಳ ಅದು.

ಇದಕ್ಕೆ ಛಾಯಾಗ್ರಾಹಕರನ್ನು ದೂರಿ ಫಲವಿಲ್ಲ. ಉಪಕರಣದ ಗುಣವೇ ಹಾಗೆ. ಹುಳವನ್ನು ದೊಡ್ಡದಾಗಿ ಹಿಡಿಯಬೇಕೆಂದರೆ ಉದ್ದ ಮೂತಿಯ ಮ್ಯಾಕ್ರೋ ಲೆನ್ಸ್ ಬೇಕು. ಅದರ ನೋಟದ ಕೋನ ಕಿರಿದು, ಫೋಕಸ್ ಆಗುವ ಆಳ ಕೂದಲೆಳೆಯಷ್ಟು. ಹುಳದ ಕಣ್ಣು ಸ್ಪಷ್ಟವಾದರೆ ಹಿಂಗಾಲು ಮಸುಕಾಗುವಷ್ಟು ಬಿಗಿ. ಇನ್ನು ಫಿಲಂ ಕಾಲದಲ್ಲಿ ಫ್ಲ್ಯಾಶ್ ಇಲ್ಲದೆ ಈ ಕೆಲಸ ಸಾಗುತ್ತಿರಲಿಲ್ಲ. ಫ್ಲ್ಯಾಶಿನ ಬೆಳಕು ಹುಳದ ಮೇಲೆ ಬಿದ್ದು ಹಿಂದಕ್ಕೆ ತಲುಪುವ ಮೊದಲೇ ಸೊರಗಿಹೋಗುವುದರಿಂದ ಹಾಡಹಗಲಿನ ತೋಟವೂ ನಡುರಾತ್ರಿಯಂತೆ ಕಾಣುತ್ತಿತ್ತು. ನಮ್ಮ ಕಣ್ಣು ಅದಕ್ಕೇ ಒಗ್ಗಿಹೋಯಿತು. ಹಿನ್ನೆಲೆ ಇಲ್ಲದ್ದೇ ಒಳ್ಳೆಯ ಚಿತ್ರ ಎಂಬ ರುಚಿಯೂ ಬೆಳೆಯಿತು.

ಈ ರುಚಿಗೆ ಎದುರಾಗಿ ಬೆಳೆದದ್ದು ವಿಶಾಲಕೋನದ ಮ್ಯಾಕ್ರೋ. ಹೆಸರು ಭಾರವಾದರೂ ವಿಚಾರ ಸರಳ. ದೂರ ನಿಂತು ಹುಳವನ್ನು ಹತ್ತಿರಕ್ಕೆ ಎಳೆಯುವ ಬದಲು, ಅಗಲವಾಗಿ ನೋಡುವ ಲೆನ್ಸನ್ನೇ ಹುಳದ ಮೂಗಿನ ತನಕ ಒಯ್ಯುವುದು. ಆಗ ಹುಳ ದೊಡ್ಡದಾಗಿ ಕಾಣುತ್ತದೆ, ಅದರ ಬೆನ್ನ ಹಿಂದಿರುವ ತೋಟ, ಗುಡ್ಡ, ಆಕಾಶವೂ ಚಿತ್ರದೊಳಗೆ ಬರುತ್ತವೆ. ಕೀಟಶಾಸ್ತ್ರಜ್ಞ ಪಿಯೋಟ್ರ್ ನಾಸ್ಕ್ರೆಕಿಯಂಥವರು ಈ ಬಗೆಯ ಚಿತ್ರಗಳಿಂದಲೇ ಹೆಸರಾದರು. ಇದಕ್ಕೆಂದೇ ಚೀನಾದ ವೀನಸ್ ಆಪ್ಟಿಕ್ಸ್ ಕಂಪೆನಿ 2015ರಲ್ಲಿ ಲಾವೋವಾ ಹೆಸರಿನ 15 ಮಿಲಿಮೀಟರ್ ಲೆನ್ಸನ್ನು ತಂದಿತು. ಅದರಲ್ಲಿ ಹುಳವನ್ನು ಅದರ ನಿಜ ಗಾತ್ರದಲ್ಲಿ ಸೆರೆಹಿಡಿಯಬೇಕಾದರೆ ಲೆನ್ಸಿನ ಮೂತಿಗೂ ಹುಳಕ್ಕೂ ನಡುವೆ ಅರ್ಧ ಸೆಂಟಿಮೀಟರಿಗೂ ಕಡಿಮೆ ಅಂತರ ಉಳಿಯುತ್ತದೆ. ಅಷ್ಟು ಹತ್ತಿರ ದಪ್ಪ ಗಾಜಿನ ಗುಂಡು ಬಂದರೆ ಹೆಜ್ಜೇನಾದರೂ ಹಾರಿಹೋದೀತು!

ವಿಚಿತ್ರವೆಂದರೆ, ದುಬಾರಿ ಲೆನ್ಸ್ ಕಷ್ಟಪಟ್ಟು ಮಾಡುವ ಈ ಕೆಲಸವನ್ನು ಅಂಗಿಯ ಜೇಬಿನಲ್ಲಿ ಹಿಡಿಸುವ ಪುಟ್ಟ ಕ್ಯಾಮೆರಾ ಸಲೀಸಾಗಿ ಮಾಡುತ್ತದೆ. 1999ರಲ್ಲಿ ಬಂದ ನಿಕಾನ್ ಕೂಲ್‌ಪಿಕ್ಸ್ 950 ಎರಡು ಸೆಂಟಿಮೀಟರ್ ದೂರದಲ್ಲೇ ಫೋಕಸ್ ಮಾಡುತ್ತಿತ್ತು. ಆಮೇಲೆ ಬಂದ ಕ್ಯಾನನ್ ಪವರ್‌ಶಾಟ್ ಎಸ್‌ಎಕ್ಸ್ ಸಾಲಿನ ಕೆಲವು ಮಾದರಿಗಳು ಲೆನ್ಸಿಗೆ ತಾಗಿದ ವಸ್ತುವನ್ನೂ ಸ್ಪಷ್ಟವಾಗಿ ತೋರಿಸಿದವು. 2017ರ ಒಲಿಂಪಸ್ ಟಿಜಿ-5 ಒಂದು ಸೆಂಟಿಮೀಟರಿಗೆ ಇಳಿಯಿತು, ನೀರಿಗೂ ಜಗ್ಗಲಿಲ್ಲ. 2021ರಿಂದೀಚೆಗೆ ಐಫೋನಿನ ಕೆಲವು ಮಾದರಿಗಳಲ್ಲೂ ಎರಡು ಸೆಂಟಿಮೀಟರ್ ದೂರಕ್ಕೆ ಇಳಿಯುವ ವಿಶಾಲಕೋನದ ಲೆನ್ಸ್ ಸೇರಿಕೊಂಡಿತು.

ಗುಟ್ಟಿರುವುದು ಗಾತ್ರದಲ್ಲಿ. ದೊಡ್ಡ ಕ್ಯಾಮೆರಾದ ಸೆನ್ಸರ್ 36 ಮಿಲಿಮೀಟರ್ ಅಗಲವಿದ್ದರೆ ಸಾಮಾನ್ಯ ಪುಟ್ಟ ಕ್ಯಾಮೆರಾದ್ದು ಸುಮಾರು ಆರು ಮಿಲಿಮೀಟರ್, ಅಂದರೆ ತೊಗರಿ ಕಾಳಿಗಿಂತ ತುಸು ದೊಡ್ಡದು. ಅದಕ್ಕೆ ಹೊಂದುವ ಲೆನ್ಸಿನ ಸಂಗಮದೂರವೂ ಬರೀ ನಾಲ್ಕೂವರೆ ಮಿಲಿಮೀಟರಿನಷ್ಟು. ಸೆನ್ಸರ್ ಕಿರಿದಾದಷ್ಟೂ ಫೋಕಸ್ಸಿನ ಆಳ ಹೆಚ್ಚು. ಪುಟ್ಟ ಕ್ಯಾಮೆರಾದಲ್ಲಿ ಎಫ್ 2.8ರಲ್ಲಿ ಸಿಗುವ ಆಳ ಬೇಕೆಂದರೆ ದೊಡ್ಡ ಕ್ಯಾಮೆರಾದಲ್ಲಿ ಎಫ್ 16ರ ತನಕ ಅಪರ್ಚರ್ ಕಿರಿದು ಮಾಡಬೇಕು. ಬೇರೆಲ್ಲ ಕಡೆ ಪುಟ್ಟ ಕ್ಯಾಮೆರಾದ ಬಡತನ ಎನ್ನಿಸಿಕೊಂಡ ಗುಣವೇ ಇಲ್ಲಿ ಅದರ ಆಸ್ತಿ.

ಲೆಕ್ಕ ಇಷ್ಟೇ. ಒಂದು ಸೆಂಟಿಮೀಟರ್ ಉದ್ದದ ತುಡುವೆ ಜೇನು ಲೆನ್ಸಿನಿಂದ ಮೂರು ಸೆಂಟಿಮೀಟರ್ ದೂರದಲ್ಲಿದೆ ಎನ್ನಿ. ಅದು ಚಿತ್ರದ ಅಗಲದ ಕಾಲು ಭಾಗ ತುಂಬುತ್ತದೆ. ಅದರ ಹಿಂದೆ ಐದು ಮೀಟರ್ ಆಚೆಗೆ ಹದಿನೈದು ಸೆಂಟಿಮೀಟರ್ ದಪ್ಪದ ಅಡಿಕೆ ಮರವಿದ್ದರೆ, ಮರದ ದಪ್ಪಕ್ಕಿಂತ ಜೇನಿನ ಉದ್ದ ಹನ್ನೊಂದು ಪಟ್ಟು ಹೆಚ್ಚು ಕಾಣುತ್ತದೆ! ಆ ದೂರದಲ್ಲಿ ಸುಮಾರು ಏಳು ಮೀಟರ್ ಅಗಲದ ತೋಟವೂ ಚಿತ್ರದೊಳಗೆ ಬರುತ್ತದೆ. ಈಗ ಕ್ಯಾಮೆರಾವನ್ನು ಮೂರೇ ಸೆಂಟಿಮೀಟರ್ ಹಿಂದಕ್ಕೆ ಸರಿಸಿ. ಜೇನು ಅರ್ಧಕ್ಕೆ ಕುಗ್ಗುತ್ತದೆ, ಮರ ಮಾತ್ರ ಇದ್ದಷ್ಟೇ ಇರುತ್ತದೆ. ಹುಳಕ್ಕೂ ಊರಿಗೂ ಇರುವ ಅನುಪಾತವನ್ನು ಬೆರಳಗಲದಲ್ಲಿ ಬದಲಿಸಬಹುದು. ಈ ಕಲೆಯ ಅರ್ಧ ಪಾಲು ಆ ಬೆರಳಗಲದಲ್ಲೇ ಇದೆ.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಗೆ ಈ ವಿದ್ಯೆ ಹೇಳಿ ಮಾಡಿಸಿದಂತಿದೆ. ಯಾಕೆಂದರೆ ಇಲ್ಲಿ ಹೂವು, ಹುಳ, ಮನುಷ್ಯ ಮೂವರೂ ಒಂದೇ ಬೇಲಿಯೊಳಗೆ ಬದುಕುತ್ತಾರೆ.

ಮಳೆಗಾಲದ ನಡುವೆ ಹೊಳವಾದ ಒಂದು ಬೆಳಿಗ್ಗೆ ಸಾಗರದ ಕಡೆಯ ಯಾವುದಾದರೂ ಅಡಿಕೆ ತೋಟಕ್ಕೆ ಇಳಿದು ನೋಡಬೇಕು. ಮರಗಳ ಬುಡದಲ್ಲಿ ಏಲಕ್ಕಿ ಹಿಂಡು. ಇಲ್ಲಿನ ಏಲಕ್ಕಿಯ ಹೂಗೊಂಚಲು ಹೆಚ್ಚಾಗಿ ನೆಲದ ಮೇಲೇ ಹರಿದಿರುತ್ತದೆ. ನಸುಕಿಗೆ ಅರಳುವ ಹೂವಿಗೆ ಒಂದೇ ದಿನದ ಆಯಸ್ಸು. ಬಿಳಿ ತುಟಿಯಂಥ ಎಸಳಿನ ಮೇಲೆ ನೇರಳೆ ಗೆರೆಗಳಿವೆ. ಅವು ಜೇನಿಗೆ ಮಕರಂದದ ದಾರಿ ತೋರುವ ಕೈಮರ. ಆ ಒಂದು ದಿನದೊಳಗೆ ತುಡುವೆಯೋ ಹೆಜ್ಜೇನೋ ಮಿಸರಿಯೋ ಬಂದು ಹೋಗದಿದ್ದರೆ ಹೂವು ಉದುರುತ್ತದೆ, ಕಾಯಿ ಕಟ್ಟುವುದಿಲ್ಲ. ನಿಂತು ತೆಗೆದ ಚಿತ್ರದಲ್ಲಿ ಇದು ತರಗೆಲೆಯ ಮೇಲಿನ ಬಿಳಿ ಚುಕ್ಕೆ. ಅದೇ ಪುಟ್ಟ ಕ್ಯಾಮೆರಾವನ್ನು ನೆಲಕ್ಕಿಟ್ಟು ಮೇಲ್ಮುಖವಾಗಿ ಹಿಡಿದರೆ ಮುಂದೆ ಹೂವಿಗೆ ಮುಖವಿಟ್ಟ ಜೇನು, ಹಿಂದೆ ಆಕಾಶಕ್ಕೆದ್ದ ಅಡಿಕೆ ಸಾಲು, ನಡುವೆ ಹಾಸಿದ ಸೊಪ್ಪು ಎಲ್ಲವೂ ಕಾಣುತ್ತವೆ. ಏಲಕ್ಕಿಯ ಪರಾಗಸ್ಪರ್ಶದ ಮೇಲೆ ಬರೆದ ನಾಲ್ಕು ಪುಟದ ಪಾಠ ಒಂದೇ ಚೌಕಟ್ಟಿನಲ್ಲಿ ಮುಗಿಯುತ್ತದೆ.

ಇಂಥ ಚಿತ್ರ ಬರೀ ಚೆಂದಕ್ಕಲ್ಲ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿಹಾಕಿತು. ಎರಿಯೊಳಗಿನ ಮರಿಹುಳುಗಳು ನೀರು ತುಂಬಿದ ಚೀಲದಂತಾಗಿ ಸತ್ತವು, ಪೆಟ್ಟಿಗೆಗಳು ಖಾಲಿಯಾದವು. ಮಲೆನಾಡಿನ ಮನೆಗಳಲ್ಲಿ ಆ ಕಾಲದ ಮದುವೆ, ಉಪನಯನಗಳ ಆಲ್ಬಂ ಇರುತ್ತದೆ. ತೋಟದಲ್ಲಿ ಯಾವ ಹೂವಿಗೆ ಯಾವ ಹುಳ ಬರುತ್ತಿತ್ತು ಎಂಬುದಕ್ಕೆ ಆಲ್ಬಂ ಯಾರು ಮಾಡಿಟ್ಟಾರು? ತುಡುವೆ ನಿಧಾನವಾಗಿ ಮತ್ತೆ ಚೇತರಿಸಿಕೊಂಡಿತು. ಎಷ್ಟು ಚೇತರಿಸಿಕೊಂಡಿತು ಎಂದು ಊರೂರಿನ ಲೆಕ್ಕದಲ್ಲಿ ಹೋಲಿಸಲು ಬೇಕಾದ ಹಳೆಯ ದಾಖಲೆ ಮಾತ್ರ ತೋಟಗಳಲ್ಲಿ ಹುಟ್ಟಲೇ ಇಲ್ಲ. ಇಂದು ತೆಗೆದ ಚಿತ್ರ ಇಪ್ಪತ್ತು ವರ್ಷ ಕಳೆದ ಮೇಲೆ ಅಂಥ ದಾಖಲೆಯಾದೀತು. ಆದರೆ ಅದರಲ್ಲಿ ತೋಟ ಕಾಣಬೇಕು. ಹಸಿರು ಮಸುಕಿನ ಮುಂದೆ ಕೂತ ಜೇನು ಯಾವ ಸಾಕ್ಷಿಯನ್ನೂ ಹೇಳಲಾರದು.

ಹೊಸನಗರದ ಕಡೆ ಹೋದರೆ ಹಿನ್ನೆಲೆ ಬದಲಾಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಸಾಗರ, ಹೊಸನಗರಗಳ ಎಷ್ಟೋ ಹಳ್ಳಿಗಳು ಶರಾವತಿಯ ಹಿನ್ನೀರಿಗೆ ಸೇರಿದವು. ಆ ಸೀಮೆಯ ತೇವದ ದಿಬ್ಬಗಳಲ್ಲಿ ನೆಕ್ಕರಿಕದ ಪೊದೆ ಬೆಳೆಯುತ್ತದೆ, ನೇರಳೆ ಹೂ ಬಿಡುತ್ತದೆ. ಅದರ ಕೇಸರಗಳು ಉಪ್ಪಿನ ಡಬ್ಬಿಯಂತೆ. ತುದಿಯ ಸಣ್ಣ ರಂಧ್ರದಿಂದ ಮಾತ್ರ ಪರಾಗ ಉದುರುತ್ತದೆ. ದೊಡ್ಡ ಕರಿ ದುಂಬಿ ಬಂದು ಹೂವನ್ನು ಅಪ್ಪಿ, ಹಾರಾಟದ ಸ್ನಾಯುಗಳನ್ನು ಗುಂಯ್‌ಗುಡಿಸಿದಾಗ ಡಬ್ಬಿ ಅಲುಗಿ ಪರಾಗ ಸುರಿಯುತ್ತದೆ. ತುಡುವೆಗೆ ಈ ವಿದ್ಯೆ ಗೊತ್ತಿಲ್ಲ. ಹೂವಿನ ಬಳಿ ಕಿವಿಗೊಟ್ಟು ಕೂತರೆ ದುಂಬಿಯ ಸದ್ದು ಬದಲಾಗುವುದು ಕೇಳಿಸುತ್ತದೆ. ಗುಂಡಿ ಒತ್ತಬೇಕಾದ ಕ್ಷಣವೂ ಅದೇ.

ಆ ಚಿತ್ರದಲ್ಲಿ ದುಂಬಿಯ ಹಿಂದೆ ಏನಿದೆ ಎಂಬುದೂ ಮುಖ್ಯ. ನೀರಿನಿಂದ ಎದ್ದ ಒಣ ಮರದ ಬೊಡ್ಡೆಯೋ, ಅಕೇಶಿಯಾ ನೆಡುತೋಪಿನ ಸಾಲೋ, ಕೊಡಚಾದ್ರಿಯ ನೆತ್ತಿಯೋ? ಅಂಬಾರಗೋಡ್ಲುವಿನ ದಡದಲ್ಲಿ ಒಂದು ಹೂವಿನ ಚಿತ್ರ ತೆಗೆದವರಿಗೆ ಹಿಂದೆ ಲಾಂಚಿಗೆ ಕಾಯುವ ಜನ, ವಾಹನಗಳ ಸಾಲು ಸಿಗುತ್ತಿತ್ತು. 2025ರ ಜುಲೈನಲ್ಲಿ ಸಿಗಂದೂರಿನ ಸೇತುವೆ ಸಂಚಾರಕ್ಕೆ ತೆರೆಯಿತು. ಈಗ ಅದೇ ಜಾಗದ ಹೂವಿನ ಹಿಂದೆ ಸೇತುವೆ ನಿಂತಿದೆ. ಹೂವು ಅದೇ, ಹುಳ ಅದೇ, ಕಾಲ ಬೇರೆ. ತಾರೀಖು ಬರೆಯದಿದ್ದರೂ ಚಿತ್ರ ತಾನೇ ತನ್ನ ತಾರೀಖು ಹೇಳುತ್ತದೆ.

ತೀರ್ಥಹಳ್ಳಿಯ ಕಡೆ ಮಳೆಯೇ ಯಜಮಾನ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ. ಜಂಬಿಟ್ಟಿಗೆಯ ಧರೆಯಲ್ಲಿ, ಹಳೆಯ ಪಾಗಾರದ ಸಂದಿಯಲ್ಲಿ ಕರ್ಣಕುಂಡಲ ಜಾತಿಯ ಗಿಡಗಳು ಹೂಬಿಡುವುದೂ ಆ ಮಳೆಯಲ್ಲೇ. ಹೂವಿನ ಹಿಂದಿರುವ ಸಣ್ಣ ಬಾಲದಂಥ ನಳಿಕೆಯ ತುದಿಯಲ್ಲಿ ಮಕರಂದ. ಅದನ್ನು ಮುಟ್ಟಲು ಉದ್ದ ನಾಲಗೆ ಬೇಕು. ಹೊಳವಾದ ಅರ್ಧ ಗಂಟೆಯಲ್ಲಿ ಚಿಟ್ಟೆಗಳೂ ಜೇನುಗಳೂ ಮುಗಿಬೀಳುತ್ತವೆ. ದೊಡ್ಡ ಕ್ಯಾಮೆರಾ ಹೊತ್ತವರು ಪ್ಲಾಸ್ಟಿಕ್ ಚೀಲ ಬಿಚ್ಚಿ, ಸ್ಟ್ಯಾಂಡ್ ನಿಲ್ಲಿಸುವಷ್ಟರಲ್ಲಿ ಮತ್ತೆ ಮಳೆ ಹಿಡಿದಿರುತ್ತದೆ, ಕಾಲಿಗೆ ನಾಲ್ಕು ಉಂಬಳ ಹತ್ತಿರುತ್ತವೆ. ಜೇಬಿನ ಕ್ಯಾಮೆರಾದವರು ಅಷ್ಟರಲ್ಲಿ ಹತ್ತು ಚಿತ್ರ ತೆಗೆದು ಜಗಲಿ ಸೇರಿರುತ್ತಾರೆ.

ತೀರ್ಥಹಳ್ಳಿ ಎಂದಾಗ ಕುಪ್ಪಳಿಯಲ್ಲಿ ಹುಟ್ಟಿದ ಪೂರ್ಣಚಂದ್ರ ತೇಜಸ್ವಿ ನೆನಪಾಗದೆ ಇರುವುದಿಲ್ಲ. ಮೂಡಿಗೆರೆಯ ತೋಟದಲ್ಲಿದ್ದು ಹಕ್ಕಿ, ಹುಳಗಳ ಬೆನ್ನು ಬಿದ್ದ ಅವರು 2007ರಲ್ಲಿ ತೀರಿಕೊಂಡರು. ಅವರ ಬರಹದಲ್ಲಿ ಹುಳವೊಂದು ಒಂಟಿಯಾಗಿ ಬರುವುದು ಅಪರೂಪ. ಅದರ ಜತೆ ತೋಟ, ಆಳುಗಳು, ನಾಯಿ, ಊರಿನ ಜಗಳ ಎಲ್ಲ ಬರುತ್ತವೆ. ಕನ್ನಡ ಓದುಗ ಅದನ್ನು ಪರಿಸರದ ಕಥೆ ಎಂದೇ ಒಪ್ಪಿಕೊಂಡ. ಬರವಣಿಗೆಯಲ್ಲಿ ಒಪ್ಪಿದ್ದನ್ನು ಚಿತ್ರದಲ್ಲಿ ಒಪ್ಪಲು ಮಾತ್ರ ನಾವು ಹಿಂಜರಿಯುತ್ತೇವೆ.

ಹಿಂಜರಿಕೆಗೆ ಕಾರಣವೂ ಇದೆ. ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಸರ್ಗ ವಿಭಾಗದಲ್ಲಿ ಚಾಲ್ತಿಯಲ್ಲಿರುವ ನಿಯಮದಂತೆ, ಕಥೆಗೆ ಅನಿವಾರ್ಯವಾದ ಹೊರತು ಚಿತ್ರದಲ್ಲಿ ಮನುಷ್ಯನ ಕುರುಹು ಕಾಣಬಾರದು. ದಟ್ಟ ಕಾಡಿನ ಹುಲಿಗೆ ಈ ನಿಯಮ ಸರಿ. ಮಲೆನಾಡಿನ ತುಡುವೆಗೆ? ಅದು ಮೇಯುವುದು ಮನುಷ್ಯ ನೆಟ್ಟ ಏಲಕ್ಕಿಯಲ್ಲಿ, ಮನುಷ್ಯ ಸೊಪ್ಪು ಕಡಿಯುವ ಬೆಟ್ಟದಲ್ಲಿ. ಗೂಡು ಕಟ್ಟುವುದು ಹುತ್ತದಲ್ಲಿ, ಮರದ ಪೊಟರೆಯಲ್ಲಿ, ಕೆಲವೊಮ್ಮೆ ಮನೆಯ ಗೋಡೆಯಲ್ಲಿ. ಅದರ ಹಿಂದಿನಿಂದ ಮನುಷ್ಯನನ್ನು ಅಳಿಸಿದರೆ ಚಿತ್ರ ಶುದ್ಧವಾಗಬಹುದು, ಸತ್ಯವಾಗಲಾರದು. ಎಲೆಚುಕ್ಕಿ ರೋಗದ ಹೆದರಿಕೆಗೆ ಔಷಧಿ ಹೊಡೆಯುವ ಪೈಪೂ, ಹಾಳೆ ಟೊಪ್ಪಿ ಹಾಕಿದ ಆಳೂ ಹೂವಿನ ಹಿಂದೆ ಬಂದರೆ ಬಹುಮಾನ ತಪ್ಪಬಹುದು. ಆದರೆ ಆ ಜೇನಿನ ಕಥೆಗೆ ಅವೂ ಪಾತ್ರಗಳೇ.

ಇನ್ನು ಕೈಗೆ ಕ್ಯಾಮೆರಾ ತೆಗೆದುಕೊಳ್ಳುವವರಿಗೆ ನಾಲ್ಕು ಮಾತು.

ಮೊದಲು ಜೂಮ್ ಮುಟ್ಟಬೇಡಿ. ಪುಟ್ಟ ಕ್ಯಾಮೆರಾಗಳಲ್ಲಿ ಹೆಚ್ಚಿನವು ಅತ್ಯಂತ ಹತ್ತಿರ ಫೋಕಸ್ ಮಾಡುವುದು ಜೂಮ್ ಎಳೆಯದೆ ಇದ್ದಾಗಲೇ. ಹೂವಿನ ಗುರುತಿರುವ ಮ್ಯಾಕ್ರೋ ಗುಂಡಿ ಒತ್ತಿ. ಕ್ಯಾಮೆರಾ ಆಗಾಗ ಹುಳವನ್ನು ಬಿಟ್ಟು ಹಿಂದಿನ ಗುಡ್ಡಕ್ಕೆ ಫೋಕಸ್ ಮಾಡಿಬಿಡುತ್ತದೆ. ಅದೇ ದೂರದಲ್ಲಿರುವ ಒಂದು ಎಲೆಗೋ ಸ್ವಂತ ಬೆರಳಿಗೋ ಫೋಕಸ್ ಮಾಡಿ, ಗುಂಡಿಯನ್ನು ಅರ್ಧ ಒತ್ತಿಹಿಡಿದು, ಹುಳದ ಕಡೆ ತಿರುಗಿಸಿ ಕೂದಲೆಳೆಯಷ್ಟು ಹಿಂದೆ ಮುಂದೆ ತೂಗಬೇಕು. ಅಪರ್ಚರ್ ಬದಲಿಸುವ ಸೌಲಭ್ಯವಿದ್ದರೆ ತುಸು ಕಿರಿದು ಮಾಡಿದಾಗ ಹಿಂದಿನ ಅಡಿಕೆ ಮರ ಮರವೆಂದು ಗೊತ್ತಾಗುತ್ತದೆ. ಅತಿಯಾಗಿ ಕಿರಿದು ಮಾಡಿದರೆ ಬೆಳಕು ಚದುರಿ ಇಡೀ ಚಿತ್ರ ಮಂಕಾಗುತ್ತದೆ.

ಎರಡನೆಯದು ಬೆಳಕು. ಲೆನ್ಸ್ ಅಷ್ಟು ಹತ್ತಿರ ಹೋದಾಗ ಕ್ಯಾಮೆರಾದ ನೆರಳೇ ಹುಳದ ಮೇಲೆ ಬೀಳುತ್ತದೆ. ಒಳಗಿನ ಫ್ಲ್ಯಾಶ್ ಹಚ್ಚಿದರೆ ಲೆನ್ಸಿನ ಮೂತಿಯ ನೆರಳು. ಆದ್ದರಿಂದ ಸೂರ್ಯ ಪಕ್ಕದಲ್ಲಿರಲಿ, ಇನ್ನೊಂದು ಪಕ್ಕದಲ್ಲಿ ಬಿಳಿಯದೇನಾದರೂ ಹಿಡಿಯಿರಿ. ಲಗ್ನಪತ್ರಿಕೆಯ ಖಾಲಿ ಬದಿ ಸಾಕು, ಆಗಷ್ಟೇ ಬಿದ್ದ ಅಡಿಕೆ ಹಾಳೆಯ ಒಳಮೈಯೂ ಆದೀತು. ತೋಟದ ನೆರಳಲ್ಲಿ ಪುಟ್ಟ ಸೆನ್ಸರ್ ಬೇಗ ಸೋಲುತ್ತದೆ, ಚಿತ್ರದಲ್ಲಿ ರವೆ ರವೆ ಕಾಣಿಸುತ್ತದೆ. ಬಿಸಿಲು ಕೋಲುಕೋಲಾಗಿ ಇಳಿಯುವ ಜಾಗ ಹುಡುಕುವುದೇ ಮೇಲು.

ಮೂರನೆಯದು ಹುಳದ ಮರ್ಜಿ. ಕೀಟದ ಕಣ್ಣಿಗೆ ಆಕಾರಕ್ಕಿಂತ ಚಲನೆ ಬೇಗ ಕಾಣುತ್ತದೆ. ಅಡ್ಡಡ್ಡ ಕೈ ಆಡಿಸದೆ, ನೆರಳು ಬೀಳಿಸದೆ, ನೇರವಾಗಿ ನಿಧಾನಕ್ಕೆ ಸಾಗಬೇಕು. ತಂಪಾದ ಬೆಳಿಗ್ಗೆ ಹುಳಗಳು ಜಡವಾಗಿರುತ್ತವೆ. ನೀಲಿ ಪಟ್ಟೆಯ ಒಂಟಿ ಜೇನಿನ ಗಂಡುಗಳು ಒಣಕಡ್ಡಿಯನ್ನು ದವಡೆಯಲ್ಲಿ ಕಚ್ಚಿ ಸಾಲಾಗಿ ನಿದ್ದೆಹೋಗಿರುವುದನ್ನು ಆಗ ನೋಡಬಹುದು. ಚಗಳಿ ಇರುವೆಗೆ ಅಂಜಿಕೆಯೇ ಇಲ್ಲ, ಅದು ಲೆನ್ಸನ್ನೇ ಕಚ್ಚಲು ಬರುತ್ತದೆ. ಎಲ್ಲ ಜೇನುಗಳೂ ಹಾರಿದ ಮೇಲೂ ಒಂದು ಮಾತ್ರ ಹೂವಿನ ಮೇಲೆ ಅಲುಗದೆ ಉಳಿದಿದ್ದರೆ ಅದನ್ನು ಸಾಧು ಎಂದುಕೊಳ್ಳುವ ಮೊದಲು ಎಸಳಿನ ಅಡಿ ನೋಡಿ. ಹೂವಿನದೇ ಬಣ್ಣದ ಏಡಿ ಜೇಡ ಅದರ ಕತ್ತು ಹಿಡಿದಿರಬಹುದು.

ನಾಲ್ಕನೆಯದು ಮರ್ಯಾದೆ. ಹುಳವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ಹೂವಿನ ಮೇಲೆ ಕೂರಿಸುವ ಅಡ್ಡದಾರಿಯೂ ಇದೆ. ಅದು ಛಾಯಾಗ್ರಹಣವಲ್ಲ, ಗೊಂಬೆ ಜೋಡಿಸುವುದು. ಹಿನ್ನೆಲೆ ಚೆಂದ ಕಾಣಲೆಂದು ಅಕ್ಕಪಕ್ಕದ ಗಿಡ ಕೀಳುವುದೂ ಅಷ್ಟೇ. ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮರದ ಮೇಲಿನ ಸೀತಾಳೆ ದಂಡೆಯಂಥ ಹೂವಿನ ಚಿತ್ರವನ್ನು ಹಂಚುವಾಗ ಅದರೊಳಗೆ ದಾಖಲಾಗುವ ಜಿಪಿಎಸ್ ಗುರುತನ್ನು ತೆಗೆದುಬಿಡಬೇಕು. ಚಿತ್ರ ಮೆಚ್ಚುವವರ ನಡುವೆ ಗಿಡ ಕೀಳುವವರೂ ಇರುತ್ತಾರೆ.

ಮನೆಗೆ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಮಲೆನಾಡಿನ ಥಂಡಿಗೆ ಲೆನ್ಸಿನೊಳಗೆ ಬೂಸ್ಟು ಹಿಡಿಯುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆಯೆಂದು ಕ್ಯಾಮೆರಾವನ್ನು ಅಲ್ಲಿಟ್ಟರೆ ಹೊಗೆ ತಿನ್ನುತ್ತದೆ. ಬಿಗಿ ಮುಚ್ಚಳದ ಡಬ್ಬ, ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಸಾಕು. ಚಿತ್ರದ ಜತೆ ಊರಿನ ಹೆಸರು, ತಾರೀಖು, ಹೂವಿನ ಹೆಸರು ಬರೆದಿಡಬೇಕು. ಹೆಸರು ಗೊತ್ತಿಲ್ಲದಿದ್ದರೆ ಊರಿನವರು ಕರೆಯುವ ಹೆಸರಾದರೂ ಇರಲಿ.

ವಿಶಾಲಕೋನದ ಚಿತ್ರವೊಂದೇ ಸಾಲದು ಎಂಬ ಮಾತೂ ನಿಜ. ತೋಟವೆಲ್ಲ ಕಾಣುವ ಚಿತ್ರದಲ್ಲಿ ರೆಕ್ಕೆಯ ನರದ ಹೆಣಿಗೆ ಕಾಣದು. ಅದು ಕಾಣದೆ ಎಷ್ಟೋ ಹುಳಗಳ ಜಾತಿ ಗುರುತಿಸಲು ಬಾರದು. ಹಾಗಾಗಿ ಅದೇ ಹುಳದ ಹತ್ತಿರದ ಚಿತ್ರ ಒಂದು, ಪಕ್ಕದಿಂದ ತೆಗೆದದ್ದು ಒಂದು, ನೆಲೆಯೊಂದಿಗೆ ತೆಗೆದದ್ದು ಒಂದು ಇದ್ದರೆ ಪೂರ್ತಿ. ಮೊದಲೆರಡು ಅದು ಯಾವ ಹುಳ ಎಂದು ಹೇಳುತ್ತವೆ. ಮೂರನೆಯದು ಅದು ಯಾರ ನೆರೆಯ ಹುಳ ಎಂದು ಹೇಳುತ್ತದೆ.

ಹುಳದ ಎತ್ತರಕ್ಕೆ ಕಣ್ಣಿಡಬೇಕಾದರೆ ಮನುಷ್ಯ ಮಂಡಿಯೂರಬೇಕು. ಅಡಿಕೆ ತೋಟದ ಯಜಮಾನರು ಸಾಮಾನ್ಯವಾಗಿ ತಲೆಯೆತ್ತಿ ಕೊನೆ ಎಣಿಸುತ್ತಾರೆ. ಒಮ್ಮೆ ತಲೆ ತಗ್ಗಿಸಿ ಏಲಕ್ಕಿ ಹೂವಿನ ಬದಿಗೆ ಕೂತರೆ, ಸಂಬಳವಿಲ್ಲದೆ ನಸುಕಿನಿಂದ ದುಡಿಯುತ್ತಿರುವ ಇನ್ನೊಂದು ಆಳಿನ ಮುಖ ಕಂಡೀತು. ಅದರ ಹಿಂದೆ ತಮ್ಮದೇ ತೋಟ ಎಷ್ಟು ಚಿಕ್ಕದಾಗಿ ನಿಂತಿದೆ ಎಂಬುದೂ ಕಂಡೀತು.